ಮುಡಿಗಲ್ಲ, ಪೂಜೆಗಲ್ಲ, ಮಳೆಗಾಲದ ಅಂಗಳಕ್ಕೆ

ಮೃಗಶಿರ ಮಳೆ ಹಿಡಿಯಿತೆಂದರೆ ಮಲೆನಾಡಿನ ಅಂಗಳದಲ್ಲಿ ಹೂವೆಂಬುದು ಹೆಚ್ಚು ಉಳಿಯುವುದಿಲ್ಲ. ಗುಲಾಬಿ ಮೊಗ್ಗಿನಲ್ಲೇ ಕೊಳೆಯುತ್ತದೆ. ಡೇರೆ ಗೆಡ್ಡೆ ಆಗಷ್ಟೇ ಚಿಗುರುತ್ತಿರುತ್ತದೆ. ಸೇವಂತಿಗೆಗೆ ಇನ್ನೂ ತಿಂಗಳುಗಳು ಬಾಕಿ. ಆ ಹೊತ್ತಿನಲ್ಲಿ ಮಡಿಕೇರಿ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ ಕಡೆಯ ಮನೆಗಳ ಸೂರಿನ ನೀರು ಬೀಳುವ ಸಾಲಿನಲ್ಲಿ, ಹಿತ್ತಿಲ ನೆರಳಿನಲ್ಲಿ, ಕಾಫಿ ತೋಟದ ಹಳೆಯ ಬಂಗಲೆಗಳ ಮೆಟ್ಟಿಲ ಬದಿಯಲ್ಲಿ ಒಂದು ಪೊದೆ ಮಾತ್ರ ಎರಡು ಕೈಗೂ ಹಿಡಿಸದಷ್ಟು ದೊಡ್ಡ ನೀಲಿ ಚೆಂಡುಗಳನ್ನು ಹೊತ್ತು ನಿಂತಿರುತ್ತದೆ. ಮಳೆಯ ಭಾರಕ್ಕೆ ಬಾಗಿದರೂ ಬಣ್ಣ ಬಿಡುವುದಿಲ್ಲ. ಅದೇ ಹೈಡ್ರೇಂಜಿಯ.

ನಮ್ಮ ಹೆಂಗಸರು ಹೂವಿಗೆ ಬೆಲೆ ಕಟ್ಟುವ ಲೆಕ್ಕದಲ್ಲಿ ಇದಕ್ಕೆ ಅಂಕ ಬೀಳುವುದೇ ಇಲ್ಲ. ಪರಿಮಳವಿಲ್ಲ. ಜಡೆಗೆ ಮುಡಿಯಲು ಬಾರದು. ಮಾಲೆ ಕಟ್ಟಿದರೆ ಅರ್ಧ ಗಂಟೆಯಲ್ಲಿ ಸೊರಗುತ್ತದೆ. ದೇವರ ತಲೆಯ ಮೇಲೂ ಸಾಮಾನ್ಯವಾಗಿ ಇಡುವುದಿಲ್ಲ. ಆದರೂ ಮಲೆನಾಡಿನಲ್ಲಿ ಈ ಗಿಡವಿಲ್ಲದ ಮನೆಯವರು ಇರುವ ಮನೆಯವರ ಹತ್ತಿರ ಒಂದು ಕೊಂಬೆ ಕೇಳದೆ ಬಿಡುವುದಿಲ್ಲ. ಬರೀ ನೋಡುವುದಕ್ಕೆಂದು ನಾವು ಸಾಕುವ ಹೂಗಳು ಕಡಿಮೆ. ಇದು ಅವುಗಳಲ್ಲೊಂದು.

ಇನ್ನೊಂದು ಕಡೆ ಬೆಂಗಳೂರಿನ ಕಥೆ ಬೇರೆ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ನರ್ಸರಿಗಳ ಮುಂದೆ ಪುಟ್ಟ ಕುಂಡದಲ್ಲಿ ಒಂದೇ ಒಂದು ಭಾರೀ ಹೂಗೊಂಚಲು ಹೊತ್ತ ಗಿಡ ಕೂತಿರುತ್ತದೆ. ಬೆಲೆ ಕೇಳಿ ಸ್ವಲ್ಪ ಹಿಂಜರಿದರೂ ಕೊನೆಗೆ ಕೊಳ್ಳುತ್ತೇವೆ. ಮೂರು ವಾರ ಮನೆಗೆ ಬಂದವರೆಲ್ಲ ಹೊಗಳುತ್ತಾರೆ. ಹೂ ಹಸಿರಾಗಿ, ಕಂದಾಗಿ, ಒಣಗುತ್ತದೆ. ಆಮೇಲೆ ವರ್ಷಗಟ್ಟಲೆ ಎಲೆಯೋ ಎಲೆ. ಗೊಬ್ಬರ ಹಾಕಿದ್ದಾಯಿತು, ಕುಂಡ ಬದಲಿಸಿದ್ದಾಯಿತು, ಯೂಟ್ಯೂಬ್ ನೋಡಿ ಬಾಳೆಹಣ್ಣಿನ ಸಿಪ್ಪೆಯ ನೀರು ಹೊಯ್ದದ್ದೂ ಆಯಿತು. ಹೂವಿಲ್ಲ. ‘ಗಂಡು ಗಿಡ ಕೊಟ್ಟಿದ್ದಾರೆ’ ಎಂದು ನರ್ಸರಿಯವನನ್ನು ಬೈದುಕೊಳ್ಳುವವರೂ ಇದ್ದಾರೆ.

ನರ್ಸರಿಯವನ ತಪ್ಪು ಇದರಲ್ಲಿ ಹೆಚ್ಚಿಲ್ಲ. ಕಾರಣ ತಿಳಿಯಬೇಕಾದರೆ ಚಳಿಗಾಲದಲ್ಲಿ ಗಿಡದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಕೊಂಬೆಯ ತುದಿ ನೋಡಬೇಕು. ಮಳೆಗಾಲದಲ್ಲಿ ಬೆಳೆದ ಪೆನ್ಸಿಲ್ ದಪ್ಪದ ಕೊಂಬೆಯ ನೆತ್ತಿಯಲ್ಲಿ ಒಂದು ಮೊಗ್ಗು ಕೂತಿರುತ್ತದೆ. ಅದು ಚೂಪಾಗಿ, ತೆಳ್ಳಗೆ ಇದ್ದರೆ ಎಲೆಯ ಮೊಗ್ಗು. ಉಬ್ಬಿಕೊಂಡು, ಕಡಲೆಕಾಳಿಗಿಂತ ದಪ್ಪವಾಗಿ, ಬೆರಳಲ್ಲಿ ಒತ್ತಿದರೆ ಗಟ್ಟಿಯಾಗಿ ತಾಗಿದರೆ ಅದರೊಳಗೆ ಮುಂದಿನ ಜೂನ್ ತಿಂಗಳ ಹೂ ಮಡಚಿಕೊಂಡು ಕೂತಿದೆ ಎಂದೇ ಅರ್ಥ. ನಾವು ಸಾಮಾನ್ಯವಾಗಿ ಬೆಳೆಸುವ ದೊಡ್ಡೆಲೆಯ ಹೈಡ್ರೇಂಜಿಯ, ಸಸ್ಯಶಾಸ್ತ್ರದ ಹೆಸರಲ್ಲಿ ಹೈಡ್ರೇಂಜಿಯ ಮ್ಯಾಕ್ರೋಫಿಲ್ಲ, ಹಿಂದಿನ ವರ್ಷದ ಕೊಂಬೆಯ ಮೇಲೆ ಹೂ ಬಿಡುವ ಗಿಡ. ದಾಸವಾಳದ ಹಾಗೆ ಹೊಸ ಚಿಗುರಿನ ತುದಿಗೆ ಅವತ್ತಿಗವತ್ತೇ ಹೂ ತರುವ ಜಾತಿಯಲ್ಲ.

ಈ ಮೊಗ್ಗು ಕಟ್ಟುವುದಕ್ಕೆ ಚಳಿ ಬೇಕು. ರಾತ್ರಿಯ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಆರು ವಾರದಷ್ಟಾದರೂ ಹಾಗೇ ಇರಬೇಕು. ಡಿಸೆಂಬರ್, ಜನವರಿಯಲ್ಲಿ ಮಡಿಕೇರಿಗೆ ಅದು ಕಷ್ಟವೇ ಅಲ್ಲ. ಬೆಂಗಳೂರಿಗೆ ಅಂಚಿನ ಮೇಲೆ ಸಿಗುತ್ತದೆ. ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ, ಆದರೆ ಕಾಂಕ್ರೀಟ್ ತಾರಸಿ ಹಗಲಿನ ಬಿಸಿಯನ್ನು ರಾತ್ರಿಯೆಲ್ಲ ಕಕ್ಕುತ್ತಿರುತ್ತದೆ. ನೆಲದ ಮೇಲಿನ ಗಿಡಕ್ಕೆ ಸಿಕ್ಕುವ ಚಳಿ ತಾರಸಿಯ ಕುಂಡಕ್ಕೆ ಸಿಗುವುದಿಲ್ಲ. ನರ್ಸರಿಯ ಗಿಡವಾದರೋ ತಂಪು ಊರಿನಲ್ಲೋ ಶೈತ್ಯಾಗಾರದಲ್ಲೋ ಚಳಿ ತಿಂದು, ಆಮೇಲೆ ಬೆಚ್ಚಗಿನ ಹಸಿರುಮನೆಯಲ್ಲಿ ಬಲವಂತವಾಗಿ ಅರಳಿ ಬಂದದ್ದು. ಅದು ನಿಮ್ಮ ಮನೆಯ ಹವೆಯ ಲೆಕ್ಕ ಹಿಡಿಯಲು ಒಂದೆರಡು ವರ್ಷ ಬೇಕೇ ಬೇಕು.

ಚಳಿ ಸಿಕ್ಕರೂ ಹೂ ಬಾರದಿದ್ದರೆ ಅನುಮಾನ ಕತ್ತರಿಯ ಮೇಲೆ. ನಮ್ಮ ಬಡಾವಣೆಗಳಲ್ಲಿ ತಿಂಗಳಿಗೊಮ್ಮೆ ಬರುವ ಮಾಲಿಗೆ ಎಲ್ಲ ಗಿಡವೂ ಒಂದೇ. ಅಕ್ಟೋಬರ್‌ನಲ್ಲಿ ಗುಲಾಬಿ ಕತ್ತರಿಸುವ ಕೈಯಲ್ಲೇ ಹೈಡ್ರೇಂಜಿಯದ ತಲೆಯನ್ನೂ ಸವರಿ ದುಂಡಗೆ ಮಾಡಿ ಹೋಗುತ್ತಾನೆ. ಗಿಡ ಚೆಂದ ಕಾಣುತ್ತದೆ, ಹೂ ಹೋಗಿರುತ್ತದೆ. ಕತ್ತರಿಗೆ ಕಾಲವೊಂದೇ: ಹೂ ಮುಗಿದ ಕೂಡಲೇ. ಮಲೆನಾಡಿನಲ್ಲಾದರೆ ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ಹೊಳವಾದ ದಿನ ನೋಡಿ ಒಣಗಿದ ಗೊಂಚಲನ್ನು ಅದರ ಕೆಳಗಿನ ಮೊದಲ ಗಟ್ಟಿ ಎಲೆಜೋಡಿಯ ಮೇಲಕ್ಕೆ ಕತ್ತರಿಸಿ. ನಾಲ್ಕೈದು ವರ್ಷ ದಾಟಿದ ಪೊದೆಯಾದರೆ ತೀರಾ ಮುದಿಯಾಗಿ ತೊಗಟೆ ಸುಲಿದ ಕೊಂಬೆಗಳಲ್ಲಿ ಮೂರರಲ್ಲೊಂದನ್ನು ಬುಡಕ್ಕೇ ತೆಗೆಯಿರಿ. ಒಳಕ್ಕೆ ಗಾಳಿ ಬೆಳಕು ಆಡುತ್ತದೆ. ಗೌರಿ–ಗಣೇಶ ಹಬ್ಬ ಮುಗಿದ ಮೇಲೆ ಕತ್ತರಿಯನ್ನು ಈ ಗಿಡದ ಹತ್ತಿರ ತರಲೇಬೇಡಿ. ಮಾಲಿ ಬರುವ ದಿನ ಗಿಡಕ್ಕೊಂದು ಕೆಂಪು ಬಟ್ಟೆ ಕಟ್ಟಿಟ್ಟರೂ ಸರಿಯೇ.

ಹೊಸ ಕೊಂಬೆಯಲ್ಲೂ ಹೂ ಬಿಡುವ ತಳಿಗಳು ಇಲ್ಲವೆಂದಲ್ಲ. 2004ರಲ್ಲಿ ಅಮೆರಿಕದಲ್ಲಿ ‘ಎಂಡ್‌ಲೆಸ್ ಸಮ್ಮರ್’ ಎಂಬ ತಳಿ ಮಾರುಕಟ್ಟೆಗೆ ಬಂದಾಗ ಅಲ್ಲಿನ ಹೂದೋಟದವರು ಕುಣಿದಾಡಿದ್ದೇ ಅದು ಹಳೆಯ ಕೊಂಬೆ, ಹೊಸ ಕೊಂಬೆ ಎರಡರಲ್ಲೂ ಅರಳುತ್ತದೆ ಎಂಬ ಕಾರಣಕ್ಕೆ. ಅಲ್ಲಿ ಹಿಮ ಬಿದ್ದು ಹಳೆಯ ಕೊಂಬೆಯೆಲ್ಲ ಸುಟ್ಟುಹೋಗುವ ಊರುಗಳಿವೆ, ಅವರಿಗೆ ಅದು ವರ. ನಮಗೆ ಹಿಮದ ಭಯವಿಲ್ಲ, ಮಾಲಿಯ ಭಯ ಮಾತ್ರ.

ಇನ್ನು ಬಣ್ಣ. ಒಂದೇ ಪೊದೆ, ಒಂದೇ ಬೇರು. ಅಂಗಳದ ಕಡೆಗೆ ಬಾಗಿದ ಕೊಂಬೆಗಳಲ್ಲಿ ಆಕಾಶನೀಲಿ, ಮನೆಯ ಜಗುಲಿಗೆ ತಾಗಿದ ಬದಿಯಲ್ಲಿ ಗುಲಾಬಿ, ನಡುವೆ ಎರಡೂ ಅಲ್ಲದ ನೇರಳೆ. ಇದನ್ನು ಕಂಡವರು ಕಸಿ ಮಾಡಿದ್ದೀರಾ ಎಂದು ಕೇಳುತ್ತಾರೆ. ಕಸಿಯಲ್ಲ, ಜಗುಲಿಯ ಗಾರೆ. ಸಿಮೆಂಟು, ಸುಣ್ಣ ಮಳೆನೀರಿನಲ್ಲಿ ಕರಗಿ ಆ ಬದಿಯ ಮಣ್ಣಿನ ಹುಳಿಯನ್ನು ಮುರಿದಿರುತ್ತವೆ. ಬಚ್ಚಲೊಲೆಯ ಬೂದಿ ಸುರಿಯುವ ಜಾಗದಲ್ಲಿ ನೆಟ್ಟ ಗಿಡವೂ ಗುಲಾಬಿಯೇ ಆಗುತ್ತದೆ; ಬೂದಿ ಕ್ಷಾರ. ಕಾಫಿ ತೋಟಕ್ಕೆ ಸುಣ್ಣವನ್ನೋ ಡೋಲೋಮೈಟನ್ನೋ ಎರಚಿದ ವರ್ಷ ಅಂಚಿನ ಹೈಡ್ರೇಂಜಿಯಗಳು ಬಣ್ಣ ಬದಲಿಸಿದರೆ ಬೆಳೆಗಾರರಿಗೆ ಅಚ್ಚರಿಯಾಗಬೇಕಿಲ್ಲ.

ಹುಳಿ ಮಣ್ಣು ನೀಲಿ, ಕ್ಷಾರ ಮಣ್ಣು ಗುಲಾಬಿ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಅರ್ಧ ನಿಜ. ಬಣ್ಣ ತರುವುದು ಹುಳಿಯಲ್ಲ, ಅಲ್ಯುಮಿನಿಯಮ್. ಹೂವಿನಲ್ಲಿರುವ ಬಣ್ಣದ ಸತ್ವ ಎರಡಕ್ಕೂ ಒಂದೇ. ಅದಕ್ಕೆ ಅಲ್ಯುಮಿನಿಯಮ್ ಜೊತೆಯಾದರೆ ನೀಲಿ, ಇಲ್ಲವಾದರೆ ಗುಲಾಬಿ. ಮಣ್ಣಿನಲ್ಲಿ ಅಲ್ಯುಮಿನಿಯಮ್‌ಗೆ ಎಲ್ಲಿಯೂ ಬರವಿಲ್ಲ, ಭೂಮಿಯ ಹೊರಪದರದಲ್ಲಿ ಅತಿ ಹೆಚ್ಚಿರುವ ಲೋಹವೇ ಅದು. ಆದರೆ ಅದು ಕರಗಿ ಬೇರಿಗೆ ಸಿಗುವುದು ಮಣ್ಣಿನ ರಸಸಾರ, ಅಂದರೆ ಪಿಎಚ್, 5.5ಕ್ಕಿಂತ ಕೆಳಗಿದ್ದಾಗ. 6.5 ದಾಟಿದರೆ ಬೀಗ ಹಾಕಿದಂತೆ. ಮಲೆನಾಡಿನ ಮುರಕಲ್ಲು ಮಣ್ಣಿನಲ್ಲಿ ಶತಮಾನಗಳ ಮಳೆ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯುಮಿನಿಯಮ್ಮುಗಳನ್ನು ಮಾತ್ರ ಉಳಿಸಿದೆ. ಮಲೆನಾಡಿನ ಹೈಡ್ರೇಂಜಿಯ ಕೇಳದೆಯೇ ನೀಲಿಯಾಗುವುದು ಅದಕ್ಕೆ. ವಿಶೇಷವೆಂದರೆ ಕರಗಿದ ಅಲ್ಯುಮಿನಿಯಮ್ ಹೆಚ್ಚಿನ ಗಿಡಗಳ ಬೇರಿಗೆ ವಿಷ. ಹೈಡ್ರೇಂಜಿಯ ಅದನ್ನು ಹೀರಿ, ಸಿಟ್ರಿಕ್ ಆಮ್ಲದ ಜೊತೆ ಕಟ್ಟಿಹಾಕಿ, ಎಲೆಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಚಹಾ ಗಿಡಕ್ಕೂ ಇಂಥದ್ದೇ ಅಭ್ಯಾಸ.

ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ನೀರನ್ನು ವರ್ಷವಿಡೀ ಹೊಯ್ದರೆ ಎಂಥ ಹುಳಿ ಮಣ್ಣೂ ಸೋಲುತ್ತದೆ. ನೀಲಿ ಗಿಡ ತಂದು ನೆಟ್ಟವರ ಮನೆಯಲ್ಲಿ ಮುಂದಿನ ಹೂ ಗುಲಾಬಿಯಾಗಿ ಬರುವುದು ಹೀಗೆ. ಎಳೆ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದೂ ಇದೇ ನೀರಿನ ಕೆಲಸ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುತ್ತಿಲ್ಲ. ತಾರಸಿಯ ಮಳೆನೀರು ಹಿಡಿದಿಟ್ಟುಕೊಳ್ಳುವ ಮನೆಯವರು ಅದರಲ್ಲಿ ಸ್ವಲ್ಪವನ್ನು ಈ ಗಿಡಕ್ಕೆಂದೇ ತೆಗೆದಿಡಲಿ.

ನೀಲಿಯೇ ಬೇಕೆಂಬ ಹಟವಿದ್ದರೆ ಗ್ರಂಥಿಗೆ ಅಂಗಡಿಯ ಪಟಿಕ ಸಾಕು. ಪಟಿಕವೆಂದರೆ ಪೊಟ್ಯಾಶಿಯಮ್ ಮತ್ತು ಅಲ್ಯುಮಿನಿಯಮ್ಮಿನ ಸಲ್ಫೇಟ್. ಪುಡಿ ಮಾಡಿ, ಲೀಟರ್ ನೀರಿಗೆ ನಾಲ್ಕು ಗ್ರಾಂನಷ್ಟು ಕರಗಿಸಿ, ಮೊದಲೇ ಒದ್ದೆಯಿರುವ ಮಣ್ಣಿಗೆ, ಎಲೆಗೆ ತಾಗದಂತೆ ತಿಂಗಳಿಗೊಮ್ಮೆ ಹೊಯ್ಯಬೇಕು. ಶುರು ಮಾಡಬೇಕಾದದ್ದು ಚಳಿಗಾಲದಲ್ಲಿ, ಮೊಗ್ಗು ಕಟ್ಟುವ ಕಾಲಕ್ಕೆ. ಹೂ ಅರಳಿದ ಮೇಲೆ ಹೊಯ್ದರೆ ಆ ಹೂ ಬದಲಾಗುವುದಿಲ್ಲ. ಅಳತೆ ಮೀರಿ ಹಾಕಿದರೆ ಬೇರು ಸುಡುತ್ತದೆ. ಎಲುಬಿನ ಪುಡಿ, ಸೂಪರ್ ಫಾಸ್ಫೇಟ್ ಹಾಕುವವರಿಗೆ ನೀಲಿ ಸಿಗುವುದು ಕಷ್ಟ. ರಂಜಕ ಅಲ್ಯುಮಿನಿಯಮ್ಮನ್ನು ಮಣ್ಣಿನಲ್ಲೇ ಹಿಡಿದಿಟ್ಟುಬಿಡುತ್ತದೆ. ಬುಡದಲ್ಲಿ ತುಕ್ಕು ಮೊಳೆ ಹೂಳುವ ಉಪಾಯ ನಮ್ಮಲ್ಲೂ ಇದೆ, ಇಂಗ್ಲೆಂಡಿನಲ್ಲೂ ಇದೆ. ಮೊಳೆಯಲ್ಲಿ ಇರುವುದು ಕಬ್ಬಿಣ, ಅದು ನೀಲಿ ತರುವುದಿಲ್ಲ. ಬಳಸಿದ ಕಾಫಿ ಗಷ್ಟೂ ಕೆಲಸಕ್ಕೆ ಬಾರದು, ಅದು ಹೆಚ್ಚೂಕಡಿಮೆ ಹುಳಿ ಕಳೆದುಕೊಂಡಿರುತ್ತದೆ. ಬಿಳಿ ತಳಿಗಳಿಗೆ ಏನು ಸುರಿದರೂ ಬಿಳಿಯೇ, ಅವುಗಳಲ್ಲಿ ಬದಲಾಗಲು ಬಣ್ಣವೇ ಇಲ್ಲ.

ನನ್ನ ಮಟ್ಟಿಗೆ ಇದೆಲ್ಲ ಬೇಡದ ಉಸಾಬರಿ. ಬೆಂಗಳೂರಿನ ಹೈಡ್ರೇಂಜಿಯ ಗುಲಾಬಿಯಾಗಿರಲಿ, ಕೊಡಗಿನದ್ದು ನೀಲಿಯಾಗಿರಲಿ.

ಅಂದಹಾಗೆ, ನಾವು ದಳ ಅನ್ನುವುದು ದಳವಲ್ಲ. ಗೊಂಚಲಿನಿಂದ ಒಂದು ಬಿಡಿಹೂ ಕಿತ್ತು ಅಂಗೈ ಮೇಲಿಟ್ಟು ನೋಡಿ. ಅಗಲವಾದ ನಾಲ್ಕು ಬಣ್ಣದ ರೆಕ್ಕೆಗಳು, ನಡುವೆ ಸಾಸಿವೆಕಾಳಿನಷ್ಟು ಗುಂಡು. ರೆಕ್ಕೆಗಳು ಪುಷ್ಪಪಾತ್ರೆಯ ಎಸಳುಗಳು. ಆ ಗುಂಡೇ ಹೂ. ಎಸಳು ಬೇಗ ಉದುರದ್ದರಿಂದಲೇ ಗೊಂಚಲು ವಾರಗಟ್ಟಲೆ ನಿಲ್ಲುವುದು, ಕೊನೆಗೆ ಎಲೆಯ ಹಾಗೆ ಹಸಿರಿಗೆ ತಿರುಗುವುದು. ಚೆಂಡಿನಾಕಾರದ ತಳಿಗಳಲ್ಲಿ ಬಹುಪಾಲು ಬಂಜೆ ಹೂಗಳು, ಜೇನಿಗೆ ಅಲ್ಲಿ ಕೆಲಸವಿಲ್ಲ. ನಡುವೆ ಸಣ್ಣ ಹೂಗಳ ತಟ್ಟೆ, ಸುತ್ತ ಮಾತ್ರ ದೊಡ್ಡ ಎಸಳಿನ ಹೂಗಳ ಬಳೆ ಇರುವ ಇನ್ನೊಂದು ಬಗೆಯಿದೆ, ಲೇಸ್‌ಕ್ಯಾಪ್ ಎನ್ನುತ್ತಾರೆ. ಜೇನು ಬರುವುದು ಅದಕ್ಕೆ. ಮಳೆಯಲ್ಲಿ ನೀರು ತುಂಬಿ ಮುರಿಯದೆ ನಿಲ್ಲುವುದೂ ಅದೇ. ನರ್ಸರಿಗಳಲ್ಲಿ ಅಪರೂಪ, ಕಂಡರೆ ಬಿಡಬೇಡಿ.

ಇದರ ತವರು ಜಪಾನ್. ಅಲ್ಲಿ ಹೆಸರು ‘ಅಜಿಸಾಯಿ’, ಅರಳುವುದು ಜೂನ್–ಜುಲೈನ ‘ತ್ಸುಯು’ ಮಳೆಗಾಲದಲ್ಲಿ. ಕಾಮಕುರದ ಮೇಗೆತ್ಸು–ಇನ್ ದೇವಾಲಯದ ಮೆಟ್ಟಿಲುಗಳ ಎರಡೂ ಬದಿಯ ನೀಲಿ ನೋಡಲು ಆ ಮಳೆಯಲ್ಲೇ ಜನ ಕೊಡೆ ಹಿಡಿದು ಸಾಲು ನಿಲ್ಲುತ್ತಾರೆ. ಸಮುದ್ರದ ತೇವ, ಮುಂಗಾರು ಮಳೆ, ಮರದ ನೆರಳು, ಹುಳಿ ಮಣ್ಣು: ತವರಿನ ಈ ನಾಲ್ಕೂ ಸಿಕ್ಕ ಮೇಲೆ ಅದು ಕೊಡಗಿನಲ್ಲಿ ಯಾಕೆ ಊರವರಂತೆ ನಿಂತಿತೆಂದು ಬೇರೆ ಹೇಳಬೇಕಿಲ್ಲ.

ಹೊರಗಿನವರಿಗೆ ಬಾಗಿಲು ಮುಚ್ಚಿದ್ದ ಕಾಲದ ಜಪಾನಿನಲ್ಲಿ ಯುರೋಪಿಯನ್ನರಿಗೆ ಕಾಲಿಡಲು ಇದ್ದದ್ದು ನಾಗಸಾಕಿಯ ದೆಜಿಮ ಎಂಬ ಪುಟ್ಟ ದ್ವೀಪ. ಡಚ್ ವ್ಯಾಪಾರಿಗಳ ವೈದ್ಯನಾಗಿ 1775ರಲ್ಲಿ ಅಲ್ಲಿಗೆ ಬಂದ ಸ್ವೀಡನ್ನಿನ ಕಾರ್ಲ್ ಪೀಟರ್ ಥುನ್‌ಬೆರ್ಗ್ ಈ ಗಿಡಕ್ಕೆ 1784ರಲ್ಲಿ ಶಾಸ್ತ್ರೀಯ ಹೆಸರು ಕೊಟ್ಟ, ಆದರೆ ಬೇರೊಂದು ಕುಲದಲ್ಲಿಟ್ಟು. ಈಗಿನ ಹೆಸರು ನಿಂತದ್ದು 1830ರಲ್ಲಿ. ಅದೇ ದ್ವೀಪಕ್ಕೆ 1823ರಲ್ಲಿ ಜರ್ಮನ್ ವೈದ್ಯ ಫಿಲಿಪ್ ಫ್ರಾಂಝ್ ಫಾನ್ ಸೀಬೋಲ್ಡ್ ಬಂದ. ನಾಗಸಾಕಿಯ ಕುಸುಮೊತೊ ತಾಕಿ ಎಂಬವಳೊಡನೆ ಬಾಳಿದ, ಮಗಳೂ ಹುಟ್ಟಿದಳು. ನಿಷೇಧಿತ ಭೂಪಟಗಳನ್ನು ಇಟ್ಟುಕೊಂಡಿದ್ದನೆಂದು 1829ರಲ್ಲಿ ಅವನನ್ನು ದೇಶದಿಂದ ಹೊರಹಾಕಿದರು. ಹೆಂಡತಿ ಮಗಳು ಅಲ್ಲೇ ಉಳಿದರು. ಯುರೋಪಿನಲ್ಲಿ ಕೂತು ಜಪಾನಿನ ಸಸ್ಯಗಳ ಬಗ್ಗೆ ಗ್ರಂಥ ಬರೆಯುವಾಗ ಚೆಂಡು ಹೂವಿನ ಹೈಡ್ರೇಂಜಿಯಕ್ಕೆ ‘ಒಟಾಕ್ಸ’ ಎಂದು ಹೆಸರಿಟ್ಟ. ‘ಓ–ತಾಕಿ–ಸಾನ್’ ಅನ್ನುವುದನ್ನು ಬಾಯಲ್ಲಿ ಬೇಗ ಹೇಳಿದರೆ ಸಿಗುವ ಹೆಸರು. ಸಸ್ಯಶಾಸ್ತ್ರದ ನಿಯಮದಲ್ಲಿ ಆ ಹೆಸರು ನಿಲ್ಲಲಿಲ್ಲ. ನಾಗಸಾಕಿ ಮಾತ್ರ ಹೈಡ್ರೇಂಜಿಯವನ್ನು ತನ್ನ ನಗರಪುಷ್ಪ ಮಾಡಿಕೊಂಡಿದೆ. ಮಗಳು ಕುಸುಮೊತೊ ಇನೆ ಮುಂದೆ ಪಾಶ್ಚಾತ್ಯ ವೈದ್ಯಕೀಯ ಕಲಿತ ಜಪಾನಿನ ಮೊದಲ ಮಹಿಳೆಯಾಗಿ ಹೆಸರಾದಳು.

ಕೃಷಿಗೆ ಮರಳೋಣ. ಜಾಗ ಸರಿಯಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಬೆಳಗಿನ ಬಿಸಿಲು ಹತ್ತು, ಹನ್ನೊಂದರವರೆಗೆ ಬೀಳಬೇಕು, ಆಮೇಲೆ ನೆರಳು. ಮನೆಯ ಪೂರ್ವದ ಬದಿ ಒಳ್ಳೆಯದು, ಉತ್ತರವೂ ನಡೆಯುತ್ತದೆ. ಪಶ್ಚಿಮದ ಗೋಡೆಗೆ ಒರಗಿಸಿದರೆ ಏಪ್ರಿಲ್‌ನಲ್ಲಿ ಎಲೆಯಂಚು ಸುಟ್ಟು ಹಪ್ಪಳವಾಗುತ್ತದೆ. ಪೂರ್ತಿ ಕತ್ತಲಿನ ಮೂಲೆಯಲ್ಲಿ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ.

ಅಗಲ ಎಲೆಯ ಗಿಡವಾದ್ದರಿಂದ ಬೇಸಿಗೆಯ ಮಧ್ಯಾಹ್ನ ಮಣ್ಣು ಒದ್ದೆಯಿದ್ದರೂ ಎಲೆ ಜೋಲುಬೀಳುತ್ತದೆ. ಬೇರು ಕೊಡುವುದಕ್ಕಿಂತ ಎಲೆ ಬಿಡುವ ನೀರು ಹೆಚ್ಚಾದಾಗ ಹೀಗೆ. ಗಾಬರಿಬಿದ್ದು ತಂಬಿಗೆಗಟ್ಟಲೆ ನೀರು ಹೊಯ್ಯುವವರು ಬೇರು ಕೊಳೆಸುತ್ತಾರೆ. ಮಣ್ಣಿಗೆ ಬೆರಳಿಡಿ, ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು. ಸಂಜೆ ಆರಕ್ಕೆ ಎಲೆ ತಾನೇ ಎದ್ದು ನಿಂತರೆ ಗಿಡಕ್ಕೆ ಏನೂ ಆಗಿಲ್ಲ. ಬೆಳಿಗ್ಗೆ ಏಳಕ್ಕೂ ಜೋತೇ ಇದ್ದರೆ ಆಗ ಯೋಚಿಸಿ.

ಬುಡಕ್ಕೆ ತರಗೆಲೆ ಹೊದಿಸಿ, ನಾಲ್ಕು ಬೆರಳು ದಪ್ಪ. ಮಲೆನಾಡಿನಲ್ಲಿ ಅದನ್ನು ಹೇಳಿಕೊಡಬೇಕಿಲ್ಲ. ನಗರದವರು ಗುಡಿಸಿ ಸುಡುವ ಎಲೆಯನ್ನೇ ತಂದು ಹಾಕಿದರಾಯಿತು. ಹಳೆಯ ಕೊಟ್ಟಿಗೆ ಗೊಬ್ಬರ ಮುಂಗಾರಿಗೆ ಮುಂಚೆ ಒಂದು ಬುಟ್ಟಿ, ಕತ್ತರಿಸಿದ ಮೇಲೆ ಇನ್ನೊಂದು. ಯೂರಿಯ ಹಾಕಿದರೆ ಎಲೆ ಬಾಳೆಯಷ್ಟಗಲ ಬರುತ್ತದೆ, ಹೂ ಮರೆತುಬಿಡಿ. ಕುಂಡದಲ್ಲಾದರೆ ಹನ್ನೆರಡರಿಂದ ಹದಿನಾಲ್ಕು ಅಂಗುಲ ಅಗಲದ್ದು ಬೇಕು. ಕೆಂಪು ಮಣ್ಣು, ಎಲೆಗೊಬ್ಬರ, ಒಂದಿಷ್ಟು ತೆಂಗಿನ ನಾರಿನ ಪುಡಿ. ಹೊಸ ಸಿಮೆಂಟ್ ಕುಂಡದಲ್ಲಿ ನೀಲಿಯ ಆಸೆ ಇಟ್ಟುಕೊಳ್ಳಬಾರದು ಎಂಬುದು ಇಷ್ಟು ಓದಿದವರಿಗೆ ಹೊಳೆದಿರಬೇಕು.

ಮಂಗಳೂರು, ಕಲಬುರಗಿ, ಬಳ್ಳಾರಿಯವರಿಗೆ ನನ್ನದೊಂದು ಸಲಹೆ: ಇದರ ಗೊಡವೆ ಬೇಡ. ಒಂದು ಕಡೆ ರಾತ್ರಿಯೂ ಆರದ ಸೆಕೆ, ಇನ್ನೊಂದು ಕಡೆ ಕೆಂಡದಂಥ ಬೇಸಿಗೆ. ಕರಾವಳಿಯವರಿಗೆ ಕೇಪಳವಿದೆ, ಅದಕ್ಕೂ ಹುಳಿ ಮಣ್ಣೇ ಇಷ್ಟ, ಗೊಂಚಲೂ ದುಂಡಗೆ, ಮೇಲಾಗಿ ದೇವರಿಗೂ ಆಗುತ್ತದೆ. ಆನ್‌ಲೈನ್‌ನಲ್ಲಿ ಏಳು ಬಣ್ಣದ ಹೈಡ್ರೇಂಜಿಯದ ಬೀಜ ಎಂದು ಪೊಟ್ಟಣ ಮಾರುತ್ತಾರೆ. ಚೆಂಡಿನಾಕಾರದ ತಳಿಗಳನ್ನು ಯಾರೂ ಬೀಜದಿಂದ ಮಾಡುವುದಿಲ್ಲ, ಬಣ್ಣ ಬೀಜದಲ್ಲಿ ಇರುವುದೂ ಇಲ್ಲ. ಹಣ ದಂಡ.

ರೋಗ ಹೆಚ್ಚಿಲ್ಲ. ಮಳೆಗಾಲದ ಕೊನೆಗೆ ಎಲೆಯ ಮೇಲೆ ನೇರಳೆ ಅಂಚಿನ ಕಂದು ಚುಕ್ಕೆ ಬರುತ್ತದೆ. ಕೊಳೆತ ಎಲೆ ಆರಿಸಿ ದೂರ ಹಾಕಿ, ನೀರನ್ನು ಎಲೆಗಲ್ಲದೆ ಬುಡಕ್ಕೆ ಹೊಯ್ದರೆ ಸಾಕು. ಬೇಸಿಗೆಯಲ್ಲಿ ಎಲೆಯಡಿ ಕೆಂಪು ನುಸಿ. ನೀರನ್ನು ರಭಸವಾಗಿ ಎಲೆಯಡಿಗೆ ಹಾರಿಸಿ ತೊಳೆಯಿರಿ, ಬಗ್ಗದಿದ್ದರೆ ಬೇವಿನೆಣ್ಣೆ. ನಿಜವಾದ ಶತ್ರು ಆಫ್ರಿಕನ್ ಬಸವನಹುಳು. ಕೊಡಗಿನ ಶನಿವಾರಸಂತೆ ಸುತ್ತಿನ ಕಾಫಿ ತೋಟಗಳನ್ನು ಕಾಡಿದ ಈ ಹುಳುವಿಗೆ ಹೈಡ್ರೇಂಜಿಯದ ಎಳೆ ಚಿಗುರು ಹಬ್ಬದೂಟ. ರಾತ್ರಿ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆಯೋ ಕೋಸಿನ ಎಲೆಯೋ ಇಟ್ಟು, ಬೆಳಿಗ್ಗೆ ಅಡಿಯಲ್ಲಿ ಸೇರಿದ್ದನ್ನು ಆರಿಸಿ ಉಪ್ಪುನೀರಿಗೆ ಹಾಕಬೇಕು. ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರಿಗೆ ಅಂಟುವ ಪರಾವಲಂಬಿಗಳು ಅದರಲ್ಲಿರುತ್ತವೆ. ದನಕ್ಕೂ ನಾಯಿಗೂ ಗಿಡ ಎಟುಕದಿರಲಿ. ಎಲೆ, ಮೊಗ್ಗು ಎರಡೂ ವಿಷ. 2008ರಲ್ಲಿ ಜಪಾನಿನಲ್ಲೇ ತಟ್ಟೆಯ ಅಲಂಕಾರಕ್ಕಿಟ್ಟ ಎಲೆಯನ್ನು ತಿಂದ ಹೋಟೆಲ್ ಗಿರಾಕಿಗಳು ವಾಂತಿ ಮಾಡಿಕೊಂಡದ್ದುಂಟು.

ಮನೆಯೊಳಗೆ ಹೂದಾನಿಗೆ ಬೇಕಾದರೆ ಬೆಳಗಿನ ತಂಪಿನಲ್ಲಿ ಪೂರ್ತಿ ಬಲಿತ ಗೊಂಚಲು ಕೊಯ್ಯಿರಿ, ಆಗಷ್ಟೇ ಅರಳಿದ್ದು ಬೇಗ ಸೊರಗುತ್ತದೆ. ಕತ್ತರಿಸಿದ ತುದಿಯನ್ನು ಪಟಿಕದ ಪುಡಿಯಲ್ಲಿ ಅದ್ದಿ ನೀರಿಗಿಡಿ. ಮರುದಿನ ಬಾಡಿದರೆ ಹೂವನ್ನೇ ತಲೆಕೆಳಗಾಗಿ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ ತೆಗೆದರೆ ಮತ್ತೆ ಎದ್ದುಕೂರುತ್ತದೆ; ಈ ಹೂ ಎಸಳಿನಿಂದಲೂ ನೀರು ಹೀರಬಲ್ಲದು.

ಗಿಡ ಮಾಡುವುದಕ್ಕೆ ಆರಿದ್ರಾ ಮಳೆಯಿಂದ ಹಿಡಿದು ಆಶ್ಲೇಷದವರೆಗೆ ಒಳ್ಳೆಯ ಕಾಲ. ಹೂವಿಲ್ಲದ ಕೊಂಬೆ ಆರಿಸಿ, ಗೇಣಿಗಿಂತ ಕಡಿಮೆ ಉದ್ದಕ್ಕೆ, ಎರಡು ಗೆಣ್ಣು ಬರುವಂತೆ ಕತ್ತರಿಸಿ. ಕೆಳಗಿನ ಗೆಣ್ಣಿನ ಎಲೆ ಕಿತ್ತು ಮಣ್ಣಿಗಿಡಿ, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿಬಿಡಿ. ಮರಳು ಬೆರೆತ ಮಣ್ಣು, ನೆರಳು, ಮೂರ್ನಾಲ್ಕು ವಾರ. ಮೆಲ್ಲಗೆ ಎಳೆದರೆ ಬಿಗಿ ಹಿಡಿದುಕೊಂಡರೆ ಬೇರು ಬಂದಿದೆ. ಅಷ್ಟೂ ಪುರುಸೊತ್ತಿಲ್ಲದವರು ತಗ್ಗಿನ ಕೊಂಬೆಯೊಂದನ್ನು ನೆಲಕ್ಕೆ ಬಗ್ಗಿಸಿ, ಗೆಣ್ಣಿನ ಮೇಲೊಂದು ಕಲ್ಲು ಹೇರಿ ಬಿಡುತ್ತಾರೆ. ದೀಪಾವಳಿಯ ಹೊತ್ತಿಗೆ ಕಲ್ಲೆತ್ತಿ, ತಾಯಿಕೊಂಬೆಯಿಂದ ಕಡಿದು, ಕೇಳಿದವರಿಗೆ ಕೊಟ್ಟರಾಯಿತು. ಕೊಡುವಾಗ ಬಣ್ಣದ ಭರವಸೆ ಮಾತ್ರ ಕೊಡಬೇಡಿ.